ಮೇಷ್ಟ್ರ ಗಿಟಾರಿನ ಗೊಗ್ಗರು

ಗಾಜಿನ ವಾಲ್ವು ಉರಿಯುವ ಹಳೆಯ ಆಂಪ್ಲಿಫೈಯರ್ ಒಳ್ಳೆಯದೋ, ಈಗಿನ ಡಿಜಿಟಲ್ ಡಬ್ಬಿ ಒಳ್ಳೆಯದೋ ಎಂದು ಕೇಳಿಕೊಂಡು ನನ್ನ ಮನೆಗೆ ಬರುವ ಹುಡುಗರು ಇನ್ನೂ ಇದ್ದಾರೆ. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಆದೋನಿಯಲ್ಲಿ ನಲವತ್ತು ವರ್ಷ ಸೌಂಡ್ ಸೆಟ್ಟು ರಿಪೇರಿ ಮಾಡಿದವನಾದ್ದರಿಂದ ನನ್ನ ಬಾಯಿಂದ ಒಂದು ತೀರ್ಪು ಬೀಳಲಿ ಎಂದು ಅವರ ಆಸೆ. ಹೋದ ವರ್ಷದವರೆಗೂ ಹಿಂದುಮುಂದು ನೋಡದೆ ಹೇಳುತ್ತಿದ್ದೆ, ವಾಲ್ವಿನ ಮುಂದೆ ಆ ಡಬ್ಬಿ ಏನೇನೂ ಅಲ್ಲ ಎಂದು. ಈಗ ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗಿ ನೀರು ಕುಡಿದು ಬರುತ್ತೇನೆ. ಕೂರುತ್ತೇನೆ, ಮತ್ತೆ ಏಳುತ್ತೇನೆ. ಕೂತಲ್ಲಿ ಕೂರಲಾಗದ ರೋಗ ನನಗೆ ಮೊದಲಿನಿಂದಲೂ ಇದೆ. ಅದು ಹೆಚ್ಚಾಗಿದ್ದು ವೀರೇಶ ಮೇಷ್ಟ್ರ ಮಗಳು ಸುಜಾತ ನಮ್ಮ ಮನೆಗೆ ಬಂದ ದಿನದಿಂದ.

ವೀರೇಶ ಮೇಷ್ಟ್ರು ಪೆದ್ದಕಡುಬೂರಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು, ರಜೆಯ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದವರು. ಅವರ ವಾಲ್ವ್ ಸೆಟ್ಟು, ಅಂದರೆ ಗಿಟಾರಿನ ಆಂಪ್ಲಿಫೈಯರ್, ನಮ್ಮ ಅಂಗಡಿ ಬಿಟ್ಟು ಬೇರೆಲ್ಲೂ ರಿಪೇರಿಗೆ ಹೋಗಿಲ್ಲ. ಅವರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿದೆ, ಆದೋನಿಯಲ್ಲೇ ಮಗಳ ಮನೆಯಲ್ಲಿದ್ದಾರೆ. ಸುಜಾತ ಮಂಡಲ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನಿಂದಲೇ ಗಿಟಾರ್ ಕಲಿತವಳು, ಸಂಜೆ ಕಚೇರಿಯಿಂದ ಬಂದು ಅಪ್ಪನ ಸೆಟ್ಟಿಗೆ ವೈರು ಸಿಕ್ಕಿಸಿ ಅವರ ಎದುರು ಕೂತು ಬಾರಿಸುತ್ತಾಳೆ. ಅವರಿಗೆ ಈಗ ಉಳಿದಿರುವ ಸುಖ ಅದೊಂದೇ.

"ಮಾಮ, ಅಪ್ಪನ ಸೆಟ್ಟಿಂದು ಆ ಎರಡು ವಾಲ್ವು ಹೋದ್ರ ಮುಂದೇನು?" ಎಂದು ಅವಳು ಅವತ್ತು ಕೇಳಿದಳು.

"ಹೋದ್ರ ಆತಮ್ಮ. ಬ್ಯಾರೆ ಜೋಡಿ ಸಿಗಂಗಿಲ್ಲ."

"ಅದಕ್ಕ ಬಂದೀನಿ. ಅದು ಸಾಯೋದ್ರೊಳಗ ಅದರ ದನಿ ಹಿಡಿದಿಡಬೇಕು. ಅಪ್ಪಗ ದಿನಾ ಕೇಳಸಬೇಕಲ್ಲ."

ಇದಿಷ್ಟೇ ವಿಷಯ. ಆದರೆ ಈ ಕೆಲಸ ನಾವು ಹೇಗೆ ಕಲಿತೆವು ಎಂಬುದನ್ನು ಮೊದಲು ಹೇಳದಿದ್ದರೆ, ನಾನು ಮಾಡಿದ ತಪ್ಪು ನಿಮಗೆ ತಪ್ಪಿನಂತೆ ಕಾಣುವುದೇ ಇಲ್ಲ. ಆದ್ದರಿಂದ ಹಿಂದಕ್ಕೆ ಹೋಗುತ್ತೇನೆ, ಬೇಜಾರಾಗಬೇಡಿ.

ನಮ್ಮದು ಪೆದ್ದಹರಿವಾಣಂ. ಹತ್ತನೇ ತರಗತಿ ಮುಗಿಸಿದವನೇ ಆದೋನಿಗೆ ಬಂದು ಖಾದರ್ ಉಸ್ತಾದರ ಅಂಗಡಿಗೆ ಸೇರಿದೆ. ಅಂಗಡಿ ಎಂದರೆ ಮುಂದೆ ಒಂದು ಬೆಂಚು, ಹಿಂದೆ ಲೌಡ್‌ಸ್ಪೀಕರ್ ಕಹಳೆಗಳ ರಾಶಿ. ಚುನಾವಣೆ, ಮದುವೆ, ಉರುಸು, ಭಜನೆ ಯಾವುದಿದ್ದರೂ ಮೈಕ್ ಸೆಟ್ಟು ಕೆಟ್ಟರೆ ಬರುವುದು ಅಲ್ಲಿಗೇ. ಉಸ್ತಾದರು ನನ್ನನ್ನು ಮೊದಲ ಆರು ತಿಂಗಳು ಕಾವಿಗೆ ಕೈ ಹಾಕಲು ಬಿಡಲಿಲ್ಲ, ಬೆಸುಗೆ ಹಾಕುವ ಕಾದ ಕಬ್ಬಿಣವನ್ನು ನಾವು ಹಾಗೇ ಕರೆಯುತ್ತಿದ್ದೆವು. ಕಿವಿಯಿಂದ ರೋಗ ಹೇಳು ಎನ್ನುತ್ತಿದ್ದರು. ನೊಣ ಗುಂಯ್‌ಗುಟ್ಟಿದಂತೆ ಕೇಳಿದರೆ ಫಿಲ್ಟರು ಹೋಗಿದೆ, ಹುರಿಗಡಲೆ ಸಿಡಿದಂತೆ ಕೇಳಿದರೆ ವಾಲ್ವಿನ ಕಾಲು ಸಡಿಲ. ದನಿ ಒಡೆದು ಗಂಟಲು ಕಟ್ಟಿದವನಂತೆ ಬಂದರೆ ಅದಕ್ಕೆ ಗೊಗ್ಗರು. ನಮ್ಮ ಅಂಗಡಿಯಲ್ಲಿ ಗೊಗ್ಗರು ಎಲ್ಲಕ್ಕಿಂತ ದೊಡ್ಡ ರೋಗ. ಭಾಷಣ ಮಾಡುವವನ ಮಾತು ಕೊನೆಯ ಸಾಲಿನ ಮುದುಕಿಗೂ ತಿಳಿಯಬೇಕು. "ಆವಾಜ್ ಸಾಫ್ ಇರಬೇಕು, ಹನುಮಂತು," ಎಂಬುದು ಉಸ್ತಾದರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು.

ಇನ್ನೊಂದು ಮಾತೂ ಇತ್ತು. ವಾಲ್ವ್ ಸೆಟ್ಟಿನೊಳಗೆ ನಾನೂರು ನಾನೂರೈವತ್ತು ವೋಲ್ಟು ಓಡುತ್ತಿರುತ್ತದೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರಿನ ಹೊಟ್ಟೆಯಲ್ಲಿ ಅದು ಹಾಗೇ ಕೂತಿರುತ್ತದೆ. ಆದ್ದರಿಂದ ಒಳಗೆ ಕೈ ಹಾಕುವಾಗ ಒಂದೇ ಕೈ ಹಾಕಬೇಕು, ಇನ್ನೊಂದು ಪ್ಯಾಂಟಿನ ಜೇಬಿನಲ್ಲಿರಬೇಕು. ಎರಡೂ ಕೈ ಹಾಕಿದರೆ ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕವೇ ಹಾಯುತ್ತದೆ. ನಾನು ಮರೆತಾಗಲೆಲ್ಲ ಉಸ್ತಾದರು ಹಿಂದಿನಿಂದ ಬಂದು ತಲೆಗೆ ಒಂದು ಬಿಡುತ್ತಿದ್ದರು. "ಒಂದು ಹಾತ್ ಜೇಬಿನಾಗ ಇಡೋ ಅಂದ್ರ ತಿಳಿಯಂಗಿಲ್ಲೇನು? ನಿನ್ನ ಅವ್ವಗ ನಾ ಏನು ಜವಾಬ್ ಕೊಡ್ಲಿ?" ಎನ್ನುತ್ತಿದ್ದರು. ಈಗಿನ ಡಬ್ಬಿಗಳಲ್ಲಿ ಒಂಬತ್ತು ವೋಲ್ಟು ಓಡುತ್ತದೆ. ನಾಲಗೆಗೆ ಹಚ್ಚಿಕೊಂಡರೂ ಜುಮ್ ಅನ್ನುವುದಷ್ಟೇ. ಆ ಒಂದು ವಿಷಯದಲ್ಲಿ ನೀವು ಪುಣ್ಯವಂತರು.

ವೀರೇಶ ಮೇಷ್ಟ್ರು ಮೊದಲ ಸಲ ಬಂದಾಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮದ್ರಾಸಿನ ಯಾವುದೋ ಸ್ಟುಡಿಯೋ ಮುಚ್ಚಿದಾಗ ಹಳೇ ಸಾಮಾನಿನಲ್ಲಿ ಸಿಕ್ಕ ಗಿಟಾರ್ ಆಂಪ್ಲಿಫೈಯರ್ ಅದು, ಬಟ್ಟೆ ಹೊದೆಸಿದ ಮರದ ಪೆಟ್ಟಿಗೆ, ಇಬ್ಬರು ಹೊರುವಷ್ಟು ಭಾರ. ಫ್ಯೂಸ್ ಪದೇಪದೇ ಹೋಗುತ್ತದೆ ಎಂದು ತಂದಿದ್ದರು. ಉಸ್ತಾದರು ಊರಲ್ಲಿರಲಿಲ್ಲ. ನಾನೇ ಬಿಚ್ಚಿದೆ, ಫ್ಯೂಸಿನ ಕಾರಣ ಹುಡುಕಿ ಸರಿಮಾಡಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಒಳಗೆ ಒಂದು ವೈರನ್ನು ಯಾರೋ ಬೇಕೆಂದೇ ಕತ್ತರಿಸಿ ಬಿಟ್ಟಿದ್ದು ಕಂಡಿತು. ಹೊರಗೆ ಬಂದ ದನಿಯನ್ನು ಸ್ವಲ್ಪ ಹಿಂದಕ್ಕೆ ಕಳಿಸಿ ತಿದ್ದುವ ವೈರು ಅದು. ಅದನ್ನು ಬೆಸೆದರೆ ದನಿ ಒಡೆಯುವುದಿಲ್ಲ. ನಾನು ಬೆಸೆದೆ. ಸೆಟ್ಟು ಹಾಲಿನಂತೆ ಸಾಫಾಯಿತು. ಹೆಮ್ಮೆಯಿಂದ ಕಳಿಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಿದ್ದರು.

"ಹನುಮಂತು, ಗೊಗ್ಗರು ಎಲ್ಲಿ ಹೋತು?"

"ತೆಗೆದೀನಿ ಸಾರ್. ಈಗ ಸಾಫ್ ಐತಿ."

"ಯಾರು ತೆಗಿ ಅಂದ್ರು ನಿನಗ? ಆ ಗೊಗ್ಗರಿಗೇ ಅಲ್ಲೇನು ನಾ ಇದನ್ನ ಮದ್ರಾಸಿನಿಂದ ಹೊತ್ಕಂಡು ಬಂದದ್ದು?"

ನನಗೆ ಸಿಟ್ಟು ಬಂತು. ಜನ ರೋಗ ವಾಸಿಮಾಡಿಸಲು ಬರುತ್ತಾರೆ, ಈ ಮನುಷ್ಯ ರೋಗ ವಾಪಸ್ ಕೊಡು ಎಂದು ಬಂದಿದ್ದಾನೆ ಎಂದುಕೊಂಡೆ. ಊರಿಂದ ಬಂದ ಉಸ್ತಾದರು ಕಥೆ ಕೇಳಿ ಬೆಂಚಿನ ಮೇಲೆ ಬಿದ್ದು ನಕ್ಕರು. ಆ ವೈರನ್ನು ಅವರೇ ಮತ್ತೆ ಕತ್ತರಿಸಿದರು. ಮೇಷ್ಟ್ರು ಅಲ್ಲೇ ಗಿಟಾರ್ ಸಿಕ್ಕಿಸಿ ಒಂದು ತಂತಿ ಮೀಟಿದರು. ಮೆಲ್ಲಗೆ ಮೀಟಿದರೆ ದನಿ ನೇರವಾಗಿ ಬಂತು, ಜೋರಾಗಿ ಮೀಟಿದರೆ ಅಳು ಬಂದವರ ಗಂಟಲಿನಂತೆ ಒಡೆಯಿತು. ಬೆರಳಿನ ಬಲ ಎಷ್ಟೋ ಒಡಕು ಅಷ್ಟೇ. ನಾನು ಕಾವಿ ಕೆಳಗಿಟ್ಟು ಕೇಳುತ್ತ ನಿಂತೆ. ಅದುವರೆಗೆ ನಾನು ಗೊಗ್ಗರನ್ನು ಓಡಿಸಲು ಮಾತ್ರ ಕೇಳಿದ್ದೆ, ಆವತ್ತು ಮೊದಲ ಸಲ ಸುಮ್ಮನೆ ಕೇಳಿದೆ.

ಅಲ್ಲಿಂದ ಮುಂದೆ ಆ ಸೆಟ್ಟು ನನ್ನದೇ ಆಯಿತು ಅನ್ನಿ. ಅದಕ್ಕೊಂದು ವಿಚಿತ್ರ ಗುಣವಿತ್ತು. ಹತ್ತಿಯ ಕಾಲದಲ್ಲಿ ಅದರ ದನಿ ಬೇರೆಯೇ ಆಗುತ್ತಿತ್ತು. ದೀಪಾವಳಿ ಕಳೆದು ಜಿನ್ನಿಂಗ್ ಮಿಲ್ಲುಗಳು ಹತ್ತಿ ಹಿಂಜಲು ಶುರುಮಾಡಿದವೆಂದರೆ ಆಗ ಊರಿನ ಕರೆಂಟು ಕುಸಿಯುತ್ತಿತ್ತು. ನಮ್ಮ ಅಂಗಡಿಯ ಗೋಡೆಯ ಮೀಟರಿನಲ್ಲಿ ಇನ್ನೂರ ಮೂವತ್ತು ಇರಬೇಕಾದ ಮುಳ್ಳು ನೂರ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತಿತ್ತು. ಬಲ್ಬು ಕೆಂಪಗೆ ಉರಿಯುತ್ತಿತ್ತು, ಫ್ಯಾನು ಎಣಿಸುವಷ್ಟು ನಿಧಾನ ತಿರುಗುತ್ತಿತ್ತು. ಎಲ್ಲರೂ ಬೈದುಕೊಳ್ಳುತ್ತಿದ್ದ ಆ ಕಾಲದಲ್ಲೇ ಮೇಷ್ಟ್ರು ಎಲ್ಲಿ ಕರೆದರೂ ಬಾರಿಸಲು ಹೋಗುತ್ತಿದ್ದರು. "ಮಿಲ್ಲು ನಡದಾಗ ನನ್ನ ಸೆಟ್ಟು ಮೆತ್ತಗಾಗತೈತೋ. ಮುಟ್ಟಿದ್ರ ಸಾಕು ಮಾತಾಡತೈತಿ," ಎನ್ನುತ್ತಿದ್ದರು. ಅದನ್ನು ಅವರ ಹುಚ್ಚು ಎಂದುಕೊಂಡೆ. ಕಮ್ಮಿ ಕರೆಂಟಿನಲ್ಲಿ ಓಡಿಸಿದರೆ ವಾಲ್ವಿನ ಆಯುಸ್ಸು ಕಮ್ಮಿ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಕೇಳಿದ್ದು ಕಿವಿಯಲ್ಲೇ ಉಳಿಯಿತು.

ಉಸ್ತಾದರು ತೀರಿಕೊಂಡ ಮೇಲೆ ಅಂಗಡಿ ನಾನು ನಡೆಸಿದೆ, ಆ ವಿವರ ನಿಮಗೆ ಬೇಡ. ಬೇಕಾದ್ದು ಇಪ್ಪತ್ತೆರಡು ವರ್ಷದ ಹಿಂದಿನ ಮೂರು ದಿನ. ಆಸ್ಪರಿಯಲ್ಲಿ ಒಂದು ಮದುವೆಯ ಕಾರ್ಯಕ್ರಮವಿತ್ತು. ನಾಲ್ಕು ದಿನ ಮುಂಚೆ ಮೇಷ್ಟ್ರ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆಯಾಡಿತು. ಅಂಥದ್ದು ಎಲ್ಲೂ ಸಿಗುವುದಿಲ್ಲ, ಕೈಯಲ್ಲೇ ಸುತ್ತಬೇಕು. ತಾಮ್ರದ ತಂತಿ ತಂದು ಸುತ್ತು ಎಣಿಸುತ್ತ ಕೂತೆ. ಕೂತಲ್ಲಿ ಕೂರಲಾಗದವನು ಮೂರು ದಿನ ಕೂತೆ. ಸುತ್ತುವಾಗಲೇ ಒಂದು ಯೋಚನೆ ಬಂತು, ಇನ್ನು ಮೇಲೆ ಈ ಸೆಟ್ಟು ಸುಡಲೇಬಾರದು ಎಂದು. ಪೆಟ್ಟಿಗೆಯ ತಳದಲ್ಲಿ ಒಂದು ಸ್ಟೆಬಿಲೈಜರನ್ನೂ ಕಟ್ಟಿ ಕೂರಿಸಿದೆ. ಊರ ಕರೆಂಟು ಎಷ್ಟೇ ಕುಸಿಯಲಿ, ವಾಲ್ವಿಗೆ ಯಾವಾಗಲೂ ಪೂರ್ತಿ ಇನ್ನೂರ ಮೂವತ್ತೇ ಸಿಗಬೇಕು. ಅದರಿಂದ ಗೊಗ್ಗರು ಸ್ವಲ್ಪ ಕಮ್ಮಿಯಾಯಿತು. ಅದಕ್ಕೆ ಗಿಟಾರಿನ ದನಿ ಮೊದಲು ಹೋಗಿ ಸೇರುವ ಮುಂದಿನ ವಾಲ್ವಿನ ಬಿಗಿ, ಅಂದರೆ ಅದು ದನಿ ಎತ್ತುವ ಬಲ, ಹೆಚ್ಚಿಸಿ ಗೊಗ್ಗರು ವಾಪಸ್ ತಂದೆ. ಮೇಷ್ಟ್ರ ಮನಸ್ಸು ನನಗೆ ತಿಳಿದಿದೆ ಎಂಬ ಜಂಬ.

ಮೂರನೇ ದಿನ ಮಧ್ಯಾಹ್ನ, ಮುಗಿಯುತ್ತ ಬಂದ ಆತುರದಲ್ಲಿ ಎರಡೂ ಕೈ ಒಳಗೆ ಹಾಕಿದೆ. ಆಮೇಲೆ ನೆನಪಿರುವುದು ಗೋಡೆಗೆ ಒರಗಿ ಬಿದ್ದಿದ್ದು, ಬಲಗೈ ಅಂಗೈಯಿಂದ ಸುಟ್ಟ ವಾಸನೆ ಬಂದಿದ್ದು. ಡಾಕ್ಟರು ಕೈಗೆ ದಪ್ಪ ಬಟ್ಟೆ ಸುತ್ತಿ ಕಳಿಸಿದರು. ಉಳಿದ ಎರಡು ಬೆಸುಗೆಯನ್ನು ಎಡಗೈಯಲ್ಲಿ ಮುಗಿಸಿದೆ.

ಸಂಜೆ ಮೇಷ್ಟ್ರು ಬಂದರು. ಗಿಟಾರ್ ಸಿಕ್ಕಿಸಿ ಮೀಟಿದರು, ನಿಲ್ಲಿಸಿದರು, ಮತ್ತೆ ಮೀಟಿದರು. ಬಹಳ ಹೊತ್ತು ಮೀಟಿದರು. "ಹೆಂಗೈತಿ ಸಾರ್?" ಎಂದೆ. ಅವರು ನನ್ನ ಕಡೆ ನೋಡಿ, "ಆತಪ, ಚಲೋ ಆತು," ಎಂದರು. ನನಗೆ ಅಷ್ಟು ಸಾಕಾಯಿತು. ಆ ಸೆಟ್ಟು ಆಮೇಲೆ ಒಮ್ಮೆಯೂ ಸುಡಲಿಲ್ಲ. ಬಂದವರಿಗೆಲ್ಲ ನಾನು ಹೇಳಿಕೊಂಡಿದ್ದೇನೆ, ಮೇಷ್ಟ್ರದು ಬರೀ ಬೆರಳು, ದನಿ ನನ್ನದು ಎಂದು. ನಲವತ್ತು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಕೇಳಿದರೆ ಅದನ್ನೇ ತೋರಿಸುತ್ತಿದ್ದೆ.

ನಲವತ್ತು ವರ್ಷದಲ್ಲಿ ಕಾಲ ಬದಲಾಯಿತು. ಟ್ರಾನ್ಸಿಸ್ಟರ್ ಬಂತು, ಮಿಕ್ಸರ್ ಬಂತು, ಆರ್ಕೆಸ್ಟ್ರಾದ ಅರ್ಧ ಜನರ ಕೆಲಸವನ್ನು ಕೀಬೋರ್ಡೇ ಮಾಡತೊಡಗಿತು. ಕೊನೆಗೆ ಊಟದ ಡಬ್ಬಿಯಷ್ಟಿರುವ ಮಾಡೆಲರ್‌ಗಳು ಬಂದವು. ಜಗತ್ತಿನ ನೂರು ಥರದ ವಾಲ್ವ್ ಆಂಪ್ಲಿಫೈಯರ್‌ಗಳ ದನಿ ಅದರೊಳಗಿದೆ ಎಂದು ಹುಡುಗರು ಹೇಳಿದಾಗ ನಕ್ಕೆ. ಒಂದನ್ನು ಬಿಚ್ಚಿ ನೋಡಿದೆ. ಹಸಿರು ಹಲಗೆ, ನಾಲ್ಕು ಕರಿ ಚಿಪ್ಪು. ಬಿಸಿ ಇಲ್ಲ, ವಾಸನೆ ಇಲ್ಲ, ಬೆಳಕಿಲ್ಲ. ಕೆಟ್ಟರೆ ಬೋರ್ಡೇ ಬದಲಾಯಿಸಬೇಕಂತೆ. ಇದರಲ್ಲಿ ಮೆಕಾನಿಕ್ಕಿನ ಕೆಲಸವೇನು ಎಂದು ಮುಚ್ಚಿಟ್ಟೆ.

ಆ ತಿರಸ್ಕಾರಕ್ಕೆ ತಕ್ಕ ಶಾಸ್ತಿಯೂ ಆಯಿತು. ಒಬ್ಬ ಗಿಟಾರಿಸ್ಟು ತನ್ನ ಮಾಡೆಲರಿನ ಅಡಾಪ್ಟರ್ ಕಳೆದುಕೊಂಡು ಬಂದ. ಒಂಬತ್ತು ವೋಲ್ಟಿನದು ನನ್ನ ಹತ್ತಿರ ಬುಟ್ಟಿಗಟ್ಟಲೆ ಇತ್ತು. ತೆಗೆದು ಸಿಕ್ಕಿಸಿದೆ. ಡಬ್ಬಿ ಒಮ್ಮೆ ಕಣ್ಣು ಮಿಟುಕಿಸಿ ಸತ್ತಿತು. ನಾವು ಬಳಸುವ ಅಡಾಪ್ಟರುಗಳಲ್ಲಿ ಪ್ಲಗ್ಗಿನ ನಡುವಿನ ತೂತು ಪ್ಲಸ್, ಗಿಟಾರಿನ ಡಬ್ಬಿಗಳಲ್ಲಿ ಅದೇ ಜಾಗ ಮೈನಸ್. ಅದನ್ನು ಪ್ಲಗ್ಗಿನ ಪಕ್ಕದಲ್ಲೇ ಚಿತ್ರ ಬರೆದು ತೋರಿಸಿರುತ್ತಾರೆ. ಮೀಟರ್ ಹಚ್ಚಿ ನೋಡಲು ಎರಡು ಸೆಕೆಂಡು ಸಾಕಿತ್ತು. ನಾನೇ ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿ ನನ್ನ ಮಗಳ ವಯಸ್ಸಿನ ಒಬ್ಬ ಹೆಣ್ಣುಮಗಳು ಭೂತಗನ್ನಡಿ ಇಟ್ಟುಕೊಂಡು ಸಾಸಿವೆಯಷ್ಟು ಗಾತ್ರದ ಡಯೋಡು ಬದಲಾಯಿಸಿ ಕೊಟ್ಟಳು, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. ಸಣ್ಣ ವೋಲ್ಟು ಮನುಷ್ಯನನ್ನು ಕೊಲ್ಲುವುದಿಲ್ಲ, ಡಬ್ಬಿಯನ್ನು ಕೊಲ್ಲುತ್ತದೆ.

ಇನ್ನು ಸುಜಾತಳ ಕಡೆ ಬರುತ್ತೇನೆ. ಅವಳ ಹತ್ತಿರ ಇದ್ದದ್ದು ಹೊಸ ಜಾತಿಯ ಮಾಡೆಲರ್. ಅದನ್ನು ಯಾವುದೇ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಅದರ ನಡವಳಿಕೆಯನ್ನೆಲ್ಲ ಅಳೆದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದಕ್ಕೆ ಕ್ಯಾಪ್ಚರ್ ಎನ್ನುತ್ತಾರೆ. ನನಗೆ ಮನಸ್ಸಿರಲಿಲ್ಲ. ಮನುಷ್ಯ ಬದುಕಿರುವಾಗಲೇ ಫೋಟೋಗೆ ಹಾರ ಅಳೆದಂತೆ ಅನಿಸಿತು. ಎರಡು ದಿನ ಜಗಲಿಯ ಮೇಲೆ ಶತಪಥ ತಿರುಗಿದೆ. ಆದರೆ ಆ ಜೋಡಿ ವಾಲ್ವುಗಳ ಸ್ಥಿತಿ ನನಗೆ ಗೊತ್ತಿತ್ತು. ಬೇರೆ ಗಿಟಾರ್ ಸೆಟ್ಟುಗಳ ವಾಲ್ವು ಈಗಲೂ ತರಿಸಬಹುದು, ಈ ನಂಬರಿನದನ್ನು ಮಾತ್ರ ಎಲ್ಲೂ ಮಾಡುವುದಿಲ್ಲ. ಒಂದರ ಗಾಜು ಆಗಲೇ ಬೆಳ್ಳಗಾಗುತ್ತಿತ್ತು, ಅದು ವಾಲ್ವು ಸಾಯುವ ಲಕ್ಷಣ. ಮೇಷ್ಟ್ರು ಸಂಜೆ ಹೊತ್ತು ಮಗಳ ಎದುರು ಸುಮ್ಮನೆ ಕೂರುವುದು ಕಣ್ಣ ಮುಂದೆ ಬಂತು. ಮೀಟರು, ಕಾವಿ, ಹಳೆಯ ಡಿಮ್ಮರ್‌ಸ್ಟ್ಯಾಟ್ ಚೀಲಕ್ಕೆ ಹಾಕಿಕೊಂಡು ಒಂದು ಭಾನುವಾರ ಬೆಳಿಗ್ಗೆ ಹೋದೆ. ಡಿಮ್ಮರ್‌ಸ್ಟ್ಯಾಟ್ ಎಂದರೆ ಕರೆಂಟನ್ನು ಬೇಕಾದಷ್ಟಕ್ಕೆ ಏರಿಸಿ ಇಳಿಸುವ ದುಂಡನೆಯ ಯಂತ್ರ, ರಿಪೇರಿಗೆ ಹೋದಲ್ಲೆಲ್ಲ ಅದು ನನ್ನ ಜೊತೆ ಬರುತ್ತದೆ.

ಸೆಟ್ಟನ್ನು ಒಳಕೋಣೆಯಲ್ಲಿಟ್ಟು ಎದುರಿಗೆ ಮೈಕ್ ನಿಲ್ಲಿಸಿ ಬಾಗಿಲು ಹಾಕಿದೆವು. ಮೇಷ್ಟ್ರು ಪಡಸಾಲೆಯ ಕುರ್ಚಿಯಲ್ಲಿ, ಅವರ ಮುಂದೆ ಎರಡು ಸಣ್ಣ ಸ್ಪೀಕರು. ಡಬ್ಬಿ ತನ್ನ ಕೆಲಸ ಶುರುಮಾಡಿತು. ಸೆಟ್ಟಿನೊಳಕ್ಕೆ ಕುಂಯ್ ಎಂದು, ಬುಸ್ಸೆಂದು ಏನೇನೋ ದನಿ ಕಳಿಸಿ, ವಾಪಸ್ ಬಂದದ್ದನ್ನು ನುಂಗಿತು. ಐದು ನಿಮಿಷದಲ್ಲಿ ಮುಗಿಯಿತು.

"ಈಗ ನೋಡು ಮಾಮ," ಎಂದಳು ಸುಜಾತ. ತಾನು ಬಾರಿಸಿದ ಒಂದು ತುಣುಕನ್ನು ಮೊದಲೇ ಹಿಡಿದಿಟ್ಟಿದ್ದಳು. ಅದನ್ನೇ ಒಮ್ಮೆ ಸೆಟ್ಟಿನ ಮೂಲಕ, ಒಮ್ಮೆ ಡಬ್ಬಿಯ ಮೂಲಕ ಹಾಯಿಸುತ್ತೇನೆ, ಎರಡೂ ಇದೇ ಸ್ಪೀಕರಿನಲ್ಲಿ ಬರುತ್ತದೆ, ಯಾವುದು ಯಾವುದೆಂದು ಹೇಳು ಎಂದಳು.

"ಇದಕ್ಕೇನು ಪರೀಕ್ಷಿ? ನಿದ್ದಿಗಣ್ಣಾಗ ಹೇಳತೀನಿ," ಎಂದು ಗೋಡೆಯ ಕಡೆ ಮುಖಮಾಡಿ ನಿಂತೆ.

ಐದು ಸಲ ಹಾಯಿಸಿದಳು. ಮೊದಲನೆಯದು ಡಬ್ಬಿ ಎಂದೆ, ಅದು ಸೆಟ್ಟು. ಎರಡನೆಯದು ಸರಿ ಹೇಳಿದೆ. ಮೂರನೆಯದು ಖಂಡಿತ ವಾಲ್ವು, ಇದರ ಬಿಸಿ ನೋಡು ಎಂದೆ. ಅದು ಡಬ್ಬಿಯಾಗಿತ್ತು. ಒಟ್ಟು ಐದರಲ್ಲಿ ಮೂರು ತಪ್ಪಿದೆ. ಕಿವಿಯ ಬಲದಿಂದ ನಲವತ್ತು ವರ್ಷ ಅನ್ನ ತಿಂದವನು ನಾನು. ಮೈಯೆಲ್ಲ ಉರಿದುಹೋಯಿತು. ಮೈಕಿನ ಜಾಗ ಸರಿಯಿಲ್ಲ ಎಂದೆ, ಸ್ಪೀಕರು ಅಗ್ಗದ್ದು ಎಂದೆ, ಪಡಸಾಲೆಯಲ್ಲಿ ಸುತ್ತಿದೆ. ಸುಜಾತ ಅಪ್ಪನ ಕಡೆ ತಿರುಗಿದಳು.

"ನೀ ಹೇಳು ಅಪ್ಪಾ. ಎರಡರಾಗ ಯಾವುದು ನಿಂದು?"

ಮೇಷ್ಟ್ರಿಗೆ ಮಾತು ನಿಧಾನ. ಒಂದೊಂದೇ ಶಬ್ದ ಎತ್ತಿ ಇಡುವಂತೆ ಹೇಳಿದರು: "ಎರಡೂ ಒಂದೇ. ಎರಡೂ... ಅಲ್ಲ."

"ಅಂದ್ರ?"

"ನನ್ನ ದನಿ ಅಲ್ಲ ಅದು. ಮಿಲ್ಲಿನ ಕಾಲದ್ದು... ಅದು ಬ್ಯಾರೆ ಇತ್ತು. ಅದು ಹೋಗಿ... ಇಪ್ಪತ್ತೆರಡು ವರ್ಷ ಆತು."

ನನಗೆ ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಸುಜಾತ ಅರ್ಥವಾಗದೆ ನನ್ನ ಮುಖ ನೋಡಿದಳು. ಪೆಟ್ಟಿಗೆಯ ತಳದಲ್ಲಿ ನಾನೇ ಕಟ್ಟಿ ಕೂರಿಸಿದ ಸ್ಟೆಬಿಲೈಜರಿನ ವಿಷಯ ಅವಳಿಗೆ ಹೇಳಿದೆ. ಕರೆಂಟು ಕುಸಿದಾಗ ಸೆಟ್ಟು ದಣಿಯುತ್ತಿತ್ತು, ಆ ದಣಿವೇ ಮೇಷ್ಟ್ರಿಗೆ ಬೇಕಾದದ್ದು. ನಾನು ಅದಕ್ಕೆ ದಣಿವೇ ಆಗದಂತೆ ಮಾಡಿ, ಇಲ್ಲದ ದಣಿವನ್ನು ಬೇರೆ ಕಡೆಯಿಂದ ತಂದು ಅಂಟಿಸಿದ್ದೆ. ನಾನು ಅಷ್ಟು ವರ್ಷ ನನ್ನದೆಂದು ಹೇಳಿಕೊಂಡು ತಿರುಗಿದ ದನಿ ಅದೇ. ಡಬ್ಬಿ ಮೋಸ ಮಾಡಿರಲಿಲ್ಲ, ನನ್ನ ತಪ್ಪನ್ನೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಹಿಡಿದಿತ್ತು.

"ಮೇಷ್ಟ್ರೇ," ಎಂದೆ, "ಮೊದಲೇ ಒಂದು ಮಾತು ಅಂದಿದ್ರ ಅರ್ಧ ತಾಸಿನಾಗ ಕಿತ್ತು ಹಾಕತಿದ್ನಲ್ಲ. ಗೊಗ್ಗರು ಹೋದಾಗ ಬೈದಿದ್ರಿ. ಅವತ್ತು ಯಾಕ ಸುಮ್ಮನಾದ್ರಿ?"

ಮೇಷ್ಟ್ರು ಬಲಗೈ ಎತ್ತಿ ನನ್ನ ಅಂಗೈಯನ್ನು ತೋರಿಸಿದರು. ಸುಟ್ಟ ಕಲೆ ಈಗಲೂ ಇದೆ.

"ಬೈದಿದ್ರ ನೀ ಮತ್ತ ಮೂರು ದಿನ ಕುಂದರತಿದ್ದಿ. ಆ ಕೈಲೇ." ಸ್ವಲ್ಪ ಸುಧಾರಿಸಿಕೊಂಡು, "ಆಮ್ಯಾಲ ಹೇಳಾಣ ಅಂದ್ಕಂಡೆ. ಎಲ್ಲಾರ ಮುಂದ ಅಷ್ಟು ಖುಷಿಲೆ ಹೇಳಿಕೆಂತ ಇದ್ದಿ. ಬಾಯಿ ಬರಲಿಲ್ಲ," ಎಂದರು.

"ಈಗ್ಯಾಕ ಹೇಳಿದ್ರಿ ಮತ್ತ?"

"ಈ ಡಬ್ಯಾಗ ಇಟ್ಟದ್ದು ನಾ ಸತ್ತ ಮ್ಯಾಲೂ ಇರತೈತಲ್ಲ. ಅದಕ್ಕ."

ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಅತ್ತುಬಿಟ್ಟೆ, ಹಾಗೆಂದು ಬರೆಯಲು ನಾಚಿಕೆಯೇನಿಲ್ಲ. ಆಮೇಲೆ ಪ್ಲಗ್ಗು ಕಿತ್ತು, ಕಂಡೆನ್ಸರು ಖಾಲಿಮಾಡಿ, ಪೆಟ್ಟಿಗೆ ಮಗುಚಿದೆ. ಸ್ಟೆಬಿಲೈಜರಿನ ನಾಲ್ಕು ಸ್ಕ್ರೂ ತುಕ್ಕು ಹಿಡಿದಿದ್ದವು. ನಾನೇ ಅಚ್ಚುಕಟ್ಟಾಗಿ ಕಟ್ಟಿದ್ದ ವೈರುಗಳನ್ನು ಒಂದೊಂದಾಗಿ ಕತ್ತರಿಸಿದೆ. ಮುಂದಿನ ವಾಲ್ವಿಗೆ ನಾನು ಹಾಕಿದ್ದ ಬಿಗಿಯನ್ನು ಬಿಡಿಸಿದೆ. ಈಗ ಆದೋನಿಯಲ್ಲಿ ಕರೆಂಟು ಸರಿಯಾಗಿ ಬರುತ್ತದೆ, ಆ ಹಳೆಯ ದರಿದ್ರ ಕರೆಂಟು ಬೇಕೆಂದರೆ ಯಂತ್ರವೇ ಮಾಡಿ ಕೊಡಬೇಕು. ಸೆಟ್ಟನ್ನು ಡಿಮ್ಮರ್‌ಸ್ಟ್ಯಾಟಿಗೆ ಸಿಕ್ಕಿಸಿ ಮುಳ್ಳು ಇಳಿಸುತ್ತ ಬಂದೆ. ಇನ್ನೂರ ಹತ್ತು. ಇನ್ನೂರು. ನೂರ ಎಪ್ಪತ್ತೈದಕ್ಕೆ ನಿಲ್ಲಿಸಿದೆ. ವಾಲ್ವಿನ ಬೆಂಕಿ ಮಂಕಾಯಿತು.

"ಬಾರಿಸಮ್ಮ," ಎಂದು ಕೂಗಿದೆ.

ಸುಜಾತ ಒಂದು ತಂತಿ ಮೀಟಿದಳು. ಎರಡನೆಯದು ಮೀಟುವ ಮುಂಚೆ ತಾನೇ ನಿಲ್ಲಿಸಿಬಿಟ್ಟಳು. ಇಷ್ಟು ವರ್ಷ ಅದೇ ಸೆಟ್ಟಿನಲ್ಲಿ ಬಾರಿಸಿದವಳಿಗೆ ಅದರ ಈ ದನಿ ಕೇಳಿದ ನೆನಪೇ ಇರಲಿಲ್ಲ, ಅದು ಹೋದಾಗ ಅವಳು ಸಣ್ಣವಳು. ತಂತಿಯ ದನಿ ಮೆತ್ತಗೆ ಒಡೆದು, ಸೋತು, ಮತ್ತೆ ಎದ್ದು ಬಂತು. ಐದರಲ್ಲಿ ಮೂರು ತಪ್ಪುವ ನನ್ನ ಕಿವಿಗೂ ಈ ವ್ಯತ್ಯಾಸ ಕೇಳಿಸಿತು. ಬಾಗಿಲಿನಿಂದ ಇಣುಕಿದೆ. ಮೇಷ್ಟ್ರು ಕಣ್ಣು ಮುಚ್ಚಿದ್ದರು. ಬಲಗೈ ಬೆರಳುಗಳು ಕುರ್ಚಿಯ ಕೈಯ ಮೇಲೆ ಮೀಟುತ್ತಿದ್ದವು.

ಹುಡುಗಿ ಎಷ್ಟೋ ಹೊತ್ತು ಬಾರಿಸಿದಳು. ವಾಲ್ವಿನ ಬಗ್ಗೆ ಭಯವಾಗಿ ಸಾಕು ಎನ್ನಬೇಕೆಂದಿದ್ದೆ, ಅನ್ನಲಿಲ್ಲ. ಆಮೇಲೆ ಎರಡನೇ ಸಲ ಕ್ಯಾಪ್ಚರ್ ಮಾಡಿದೆವು. ಆ ಐದು ನಿಮಿಷ ನಾನು ಗಾಜಿನ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ವಾಲ್ವು ತಡೆದುಕೊಂಡಿತು. ಎರಡು ವಾರದ ಮೇಲೆ ಅದು ಹೋದಾಗ ಸುಜಾತ ಫೋನು ಮಾಡಿ ಹೇಳಿದಳು, ಆದರೆ ಅಷ್ಟರೊಳಗೆ ಡಬ್ಬಿ ಮೇಷ್ಟ್ರ ಕುರ್ಚಿಯ ಪಕ್ಕಕ್ಕೆ ಬಂದು ಕೂತಾಗಿತ್ತು.

ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಈಗ ಏನು ಹೇಳಲಿ? ಡಬ್ಬಿ ತಾನಾಗಿ ಏನನ್ನೂ ಹೇಳುವುದಿಲ್ಲ, ನೀವು ಅದರ ಮುಂದೆ ಏನಿಟ್ಟಿರೋ ಅದನ್ನೇ ಹೇಳುತ್ತದೆ. ಇಡುವ ಮುಂಚೆ ಕೇಳಬೇಕಾದವರನ್ನು ಕೇಳಿಕೊಳ್ಳಿ. ರಿಪೇರಿಗೆ ಬಂದವರು ಚಲೋ ಆತು ಎಂದರೆ ಅಷ್ಟಕ್ಕೇ ಖುಷಿಪಟ್ಟು ಎದ್ದುಬಿಡಬೇಡಿ. ತಿಂಗಳು ಬಿಟ್ಟು ಅವರ ಮನೆಗೆ ಹೋಗಿ ಇನ್ನೊಮ್ಮೆ ಕೇಳಿ. ನಾನು ಒಮ್ಮೆಯೂ ಕೇಳಲಿಲ್ಲ.

ಆ ಭಾನುವಾರ ಎಲ್ಲ ಮುಗಿದ ಮೇಲೆ ಡಬ್ಬಿಯ ಪರದೆಯ ಮೇಲೆ ಎರಡು ಹೆಸರು ಕಾಣುತ್ತಿದ್ದವು, ಬೆಳಿಗ್ಗೆ ಹಿಡಿದದ್ದು ಒಂದು, ಮಧ್ಯಾಹ್ನ ಹಿಡಿದದ್ದು ಒಂದು. ಬೆಳಿಗ್ಗೆಯದನ್ನು ನೋಡಲು ನನಗಾಗಲಿಲ್ಲ.

"ಸುಜಾತಮ್ಮ, ಮೊದಲನೇದು ಅಳಿಸಿಬಿಡು ತಾಯಿ. ಅದು ನನ್ನ ತಪ್ಪು," ಎಂದೆ.

ಅವಳು ಬೆರಳು ಚಾಚುವಷ್ಟರಲ್ಲಿ ಮೇಷ್ಟ್ರು ಕುರ್ಚಿಯ ಕೈಯನ್ನು ತಟ್ಟಿ ಮಗಳ ಕಡೆ ನೋಡಿದರು.

"ಬ್ಯಾಡ. ಅಷ್ಟು ವರ್ಷ... ಕೈ ಬೀಳೋ ತನಕ ಅದರಾಗೇ ಬಾರಿಸೀನಿ. ನಿನ್ನ ಲಗ್ನದಾಗೂ ಅದರಾಗೇ ಬಾರಿಸಿದ್ದು. ಅದೂ ನಂದೇ. ಇರ್ಲಿ."

ಸುಜಾತ ಎರಡನ್ನೂ ಹಾಗೇ ಇಟ್ಟುಕೊಂಡಳು.